ಒಬ್ಬರಿಗೆಂದೇ ಅಡುಗೆ, ಅನ್ನ ಬೇಯುವಷ್ಟು ಹೊತ್ತು ಓದು

ಪ್ರಶ್ನೆ: ನಾನು ಅಂಕೋಲಾ ತಾಲ್ಲೂಕಿನ ಕಡಲಂಚಿನ ಹಳ್ಳಿಯವಳು, ವಯಸ್ಸು 27. ಶಿರಸಿಯ ಸಹಕಾರಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ವಾಸ. ಮಧ್ಯಾಹ್ನ ಖಾನಾವಳಿಯ ಊಟ. ರಾತ್ರಿ ಒಬ್ಬಳಿಗಾಗಿ ಒಲೆ ಹಚ್ಚಲು ಮನಸ್ಸು ಬರುವುದಿಲ್ಲ. ಮಾಡಿದರೆ ಹೆಚ್ಚಾಗಿ ಮರುದಿನ ಚೆಲ್ಲಬೇಕಾಗುತ್ತದೆ. ಹಾಗಾಗಿ ಹೆಚ್ಚಿನ ರಾತ್ರಿಗಳು ಅವಲಕ್ಕಿ, ಚಹಾ ಮತ್ತು ಮೊಬೈಲಿನಲ್ಲಿ ಮುಗಿಯುತ್ತವೆ. ಬೆಳಿಗ್ಗೆ ಐದಕ್ಕೆ ಎದ್ದು ಓದಬೇಕೆಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ, ವಾರವೂ ನಡೆಯಲಿಲ್ಲ. ವ್ಯಕ್ತಿತ್ವ ವಿಕಸನದ ಪುಸ್ತಕಗಳು ಅರ್ಧಕ್ಕೇ ನಿಂತಿವೆ. ಕಳೆದ ತಿಂಗಳು ಇಲ್ಲಿಯೇ ಕೊಂಡ ಬಂಗಡೆ ಸಾರು ಮಾಡಿ ಉಂಡ ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ ಮೈ ತುರಿಸಿತು. ಊರಿನಲ್ಲಿ ದಿನವೂ ಮೀನು ತಿಂದವಳಿಗೆ ಈಗ ಮೀನು ಆಗುವುದಿಲ್ಲವೇ? ಫ್ರಿಜ್ ಇಲ್ಲ, ಕೊಳ್ಳಬೇಕೇ? ನನ್ನನ್ನು ನಾನು ತಿದ್ದಿಕೊಳ್ಳಲು ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಅಡುಗೆ, ಓದು, ಆರೋಗ್ಯ ಎಂಬ ಮೂರು ಪ್ರಶ್ನೆಗಳಿರುವಂತೆ ಕಂಡರೂ, ಅಡುಗೆ ಮತ್ತು ಓದು ಎರಡರ ತೊಡಕಿಗೂ ಕಾರಣ ಒಂದೇ ಎಂದು ನನಗೆ ತೋರುತ್ತದೆ. ನೀವು ಇರುವುದು ಒಬ್ಬರು, ಆದರೆ ನಿಮ್ಮ ಪಾತ್ರೆಯ ಅಳತೆ ಊರಿನ ಮನೆಯದು, ನಿಮ್ಮ ದಿನದ ಅಳತೆ ಪುಸ್ತಕದಲ್ಲಿ ಓದಿದ ಇನ್ಯಾರದೋ. ಎರಡನ್ನೂ ನಿಮ್ಮದಾಗಿ ಮಾಡಿಕೊಳ್ಳುವುದರಿಂದಲೇ ಶುರು ಮಾಡಿ ಎಂಬುದು ನನ್ನ ಸಲಹೆ. ಮೀನಿನ ವಿಷಯ ಬೇರೆಯೇ ಆಗಿದೆ ಮತ್ತು ಅದು ಗಂಭೀರವಾದದ್ದು. ಅದನ್ನು ಮುಂದೆ ವಿವರವಾಗಿ ಬರೆಯುತ್ತೇನೆ.

ಮನೆವಿಜ್ಞಾನ ಕಲಿಸಿದ ವರ್ಷಗಳಲ್ಲಿ, ಹಾಸ್ಟೆಲ್ ಬಿಟ್ಟು ಮೊದಲ ನೌಕರಿಗೆ ಹೋದ ಹಲವು ವಿದ್ಯಾರ್ಥಿನಿಯರಲ್ಲಿ ಇದೇ ಬೇಸರವನ್ನು ನಾನು ಕಂಡಿದ್ದೇನೆ. ಅವರಿಗೆ ಅಡುಗೆ ಬರುತ್ತಿರಲಿಲ್ಲವೆಂದಲ್ಲ. ಆರು ಜನರಿಗೆ ಆಯಿ ಮಾಡುತ್ತಿದ್ದ ಅಡುಗೆಯನ್ನು ಆರರಿಂದ ಭಾಗಿಸಿದರೆ ಒಬ್ಬರ ಅಡುಗೆಯಾಗುತ್ತದೆ ಎಂದು ಅವರು ನಂಬಿದ್ದರು, ಆದರೆ ಅಡುಗೆಯಲ್ಲಿ ಭಾಗವಾಗದ ವಸ್ತುಗಳೇ ಹೆಚ್ಚು. ತೆಂಗಿನಕಾಯಿ ಒಡೆದರೆ ಇಡೀ ಕಾಯಿಯೇ ಒಡೆಯುತ್ತದೆ. ಮೊಗೆಕಾಯಿ ಇಡಿಯಾಗಿದ್ದಾಗ ತಿಂಗಳುಗಟ್ಟಲೆ ಕೆಡದೆ ತೂಗಾಡುತ್ತದೆ, ಹೆಚ್ಚಿದ ಮೇಲೆ ಮರುದಿನವೇ ಮುಗಿಸಬೇಕು. ಐದು ಲೀಟರ್ ಕುಕ್ಕರಿನ ತಳಕ್ಕೆ ಒಂದು ಹಿಡಿ ಬೇಳೆ ಹಾಕಿದರೆ ನೀರಿನ ಅಂದಾಜೇ ಸಿಗುವುದಿಲ್ಲ. ಒಬ್ಬರಿಗೆ ಬೇಕಾಗುವ ಎರಡು ಚಮಚ ಕಾಯಿತುರಿ ದೊಡ್ಡ ಮಿಕ್ಸರ್ ಜಾರಿನ ಅಲಗಿಗೆ ಸಿಕ್ಕದೆ ಗೋಡೆಗೆ ಅಂಟಿಕೊಂಡು ಕೂರುತ್ತದೆ. ಹೀಗೆ ಪ್ರತಿಯೊಂದೂ ಎದುರಾಡಿದಾಗ, ಮನಸ್ಸಿಲ್ಲದಿರುವುದು ನಿಮ್ಮ ಸೋಮಾರಿತನದಿಂದ ಎಂದು ನೀವು ತಿಳಿಯುತ್ತೀರಿ, ಅದು ನಿಜವಲ್ಲ. ಒಬ್ಬರ ಅಡುಗೆಗೆ ಅದರದೇ ವಸ್ತುಗಳು, ಅದರದೇ ಪಾತ್ರೆಗಳು, ಅದರದೇ ಕ್ರಮ ಬೇಕು.

ಮೊದಲು ಅನ್ನವನ್ನೇ ತೆಗೆದುಕೊಳ್ಳೋಣ. ನೀವು ಕರಾವಳಿಯವರು, ಕುಚ್ಚಲಕ್ಕಿ ತಿಂದು ಬೆಳೆದವರು. ಶಿರಸಿಗೆ ಬಂದ ಮೇಲೆ ಬೇಗ ಬೇಯುತ್ತದೆಂದು ಬೆಳ್ತಿಗೆಗೆ, ಅಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಗೆ, ಬದಲಾಗಿದ್ದರೆ ದಯವಿಟ್ಟು ಕುಚ್ಚಲಕ್ಕಿಗೇ ಮರಳಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಅಕ್ಕಿ ಮಾಡುವುದರಿಂದ ತೌಡಿನಲ್ಲಿರುವ ಬಿ ಗುಂಪಿನ ಜೀವಸತ್ವಗಳ, ಅದರಲ್ಲೂ ಥಯಾಮಿನ್ನಿನ ಒಂದಷ್ಟು ಭಾಗ ಕಾಳಿನ ಒಳಕ್ಕೆ ಇಳಿದು ಉಳಿಯುತ್ತದೆ. ಬೆಳ್ತಿಗೆ ಅಕ್ಕಿಗೆ ಪಾಲಿಶ್ ಕೊಡುವಾಗ ಅದು ತೌಡಿನೊಂದಿಗೇ ಹೋಗುತ್ತದೆ. ಆದರೆ ಕುಚ್ಚಲಕ್ಕಿಯನ್ನು ನಾನು ಹೇಳಲು ಅದಕ್ಕಿಂತ ದೊಡ್ಡ ಕಾರಣ, ಅದು ನಿಧಾನವಾಗಿ ಬೇಯುತ್ತದೆ ಎಂಬುದೇ.

ಚಹಾ ಕುಡಿಯುವ ಸಣ್ಣ ಲೋಟದ ತುಂಬ ಅಕ್ಕಿ ಅಳೆಯಿರಿ, ಅದು ಸುಮಾರು 80 ಗ್ರಾಂ ಆಗುತ್ತದೆ. ಒಬ್ಬರ ಒಂದು ಊಟಕ್ಕೆ ಅಷ್ಟು ಸಾಕು, ಮರುದಿನಕ್ಕೆ ಉಳಿಯುವುದಿಲ್ಲ. ಕೆಲಸದಿಂದ ಬಂದು ಕೈಕಾಲು ತೊಳೆದ ಕೂಡಲೇ, ಬಟ್ಟೆ ಬದಲಿಸುವ ಮೊದಲು, ದಪ್ಪ ತಳದ ಎತ್ತರದ ಪಾತ್ರೆಯಲ್ಲಿ ಎಂಟು ಲೋಟ ನೀರು ಕುದಿಯಲು ಇಡಿ. ನೀರು ಮರಳಿದಾಗ ತೊಳೆದ ಅಕ್ಕಿ ಹಾಕಿ, ಮತ್ತೆ ಕುದಿ ಬಂದ ಮೇಲೆ ಉರಿಯನ್ನು ಸಣ್ಣಗೆ ಮಾಡಿ, ಮುಚ್ಚಳವನ್ನು ಓರೆಯಾಗಿ ಇಡಿ. ನೆನೆಸದ ಕುಚ್ಚಲಕ್ಕಿ ಹೀಗೆ ಬೇಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಊರಿನಲ್ಲಿ ಆಯಿ ಹೇಳಿದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಹಿಡಿದರೆ ಅಕ್ಕಿಯನ್ನು ದೂರಬೇಡಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಅಂಕೋಲೆಯಲ್ಲಿ ಕುದಿಯುವುದಕ್ಕಿಂತ ಎರಡು ಡಿಗ್ರಿಯಷ್ಟು ಕಡಿಮೆ ಉಷ್ಣತೆಯಲ್ಲಿ, ಅಂದರೆ ಸುಮಾರು 98 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಅಗುಳನ್ನು ಬೆರಳುಗಳ ನಡುವೆ ಹಿಚುಕಿದಾಗ ನಡುವೆ ಬಿಳಿ ಚುಕ್ಕೆ ಉಳಿಯದಿದ್ದರೆ ಬೆಂದಿದೆ. ತಿಳಿಯನ್ನು ಬಸಿದು ಚೆಲ್ಲಬೇಡಿ. ನೀರಿನಲ್ಲಿ ಕರಗಿದ ಜೀವಸತ್ವಗಳು ಅದರಲ್ಲಿರುತ್ತವೆ. ಚೂರು ಉಪ್ಪು ಹಾಕಿ ಕುಡಿಯಿರಿ, ಅಥವಾ ಗಂಜಿಯಾಗಿಯೇ ಉಣ್ಣಿ.

ಈ ಮುಕ್ಕಾಲು ಗಂಟೆ ನಿಮ್ಮ ಓದಿನ ಹೊತ್ತು. ಬೆಳಗಿನ ಐದು ಗಂಟೆಯ ಸಂಕಲ್ಪ ಮುರಿದುಬಿದ್ದದ್ದು ನಿಮ್ಮಲ್ಲಿ ಛಲವಿಲ್ಲವೆಂದಲ್ಲ, ಅದನ್ನು ಗಡಿಯಾರಕ್ಕೆ ಕಟ್ಟಿದ್ದರಿಂದ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ, ಮಾರ್ಚ್ ಕೊನೆಯ ಲೆಕ್ಕಮುಕ್ತಾಯದಲ್ಲಿ ನಿಮ್ಮಂಥ ಸಂಸ್ಥೆಯಲ್ಲಿ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತಾರೆಂದು ಯಾರೂ ಹೇಳಲಾರರು. ರಾತ್ರಿ ತಡವಾಗಿ ಮಲಗಿದವರು ಐದಕ್ಕೆ ಏಳಬೇಕೆಂದರೆ ನಿದ್ದೆಯನ್ನೇ ಕಡಿಯಬೇಕು, ಮೈ ಅದಕ್ಕೆ ಒಪ್ಪುವುದಿಲ್ಲ, ಒಪ್ಪಲೂಬಾರದು. ಓದನ್ನು ಗಂಟೆಗೆ ಕಟ್ಟದೆ ಕೆಲಸಕ್ಕೆ ಕಟ್ಟಿದರೆ, ಆರೂವರೆಗೆ ಬಂದರೂ ಏಳೂವರೆಗೆ ಬಂದರೂ ಅನ್ನಕ್ಕೆ ನೀರಿಟ್ಟ ಮೇಲೆ ಪುಸ್ತಕ ಕೈಗೆ ಬರುತ್ತದೆ. ಅನ್ನವನ್ನು ನೀವು ಹೇಗೂ ಮಾಡಲೇಬೇಕು, ಆದ್ದರಿಂದ ಓದಿಗೆ ಬೇರೆ ಸಂಕಲ್ಪವೇ ಬೇಡ. ಮೊಬೈಲನ್ನು ಆ ಹೊತ್ತಿನಲ್ಲಿ ಚಾರ್ಜಿಗೆ ಹಾಕಿ ಅಡುಗೆಮನೆಯಿಂದ ಹೊರಗೆ ಇಡಿ. ನೀವು ಮಾತ್ರ ಒಲೆಯ ಬಳಿಯೇ, ಪಾತ್ರೆ ಕಣ್ಣಿಗೆ ಬೀಳುವಲ್ಲಿ ಕುಳಿತಿರಬೇಕು. ಒಳಗಿನ ಕೋಣೆಯಲ್ಲಿ ಓದುತ್ತ ಕುಳಿತಾಗ ಗಂಜಿ ಉಕ್ಕಿ ಬರ್ನರ್ ಆರಿ, ಅನಿಲ ಮಾತ್ರ ಹರಿಯುತ್ತಿರುವ ಅಪಾಯವಿದೆ. ಇದನ್ನು ನಾನು ಒತ್ತಿ ಹೇಳುತ್ತೇನೆ.

ತಡವಾಗಿ ಬಂದ ದಿನಗಳಿಗೆ ಬೇರೆ ದಾರಿ ಇಟ್ಟುಕೊಳ್ಳಿ. ಬೆಳಿಗ್ಗೆ ಹೊರಡುವಾಗ ಅದೇ ಲೋಟದಲ್ಲಿ ಮುಕ್ಕಾಲು ಅಳತೆ ಅಕ್ಕಿ, ಒಂದು ಹಿಡಿ ಹೆಸರುಕಾಳು ನೆನೆಸಿಟ್ಟು, ರಾತ್ರಿ ಆ ನೀರು ಚೆಲ್ಲಿ, ಎರಡು ಲೀಟರಿನ ಸಣ್ಣ ಕುಕ್ಕರಿನಲ್ಲಿ ಹೊಸ ನೀರು, ಶುಂಠಿ, ಉಪ್ಪು ಹಾಕಿ ಕೂಗಿಸಿದರೆ ಗಂಜಿ ಸಿದ್ಧ. ಕುಕ್ಕರಿನೊಳಗೆ ಒತ್ತಡದಿಂದ ನೀರಿನ ಉಷ್ಣತೆ 120 ಡಿಗ್ರಿಯ ಹತ್ತಿರ ಹೋಗುವುದರಿಂದ ಕಾಳು ಬೇಗ ಬೇಯುತ್ತದೆ. ಅಕ್ಕಿ, ಕಾಳು ಉಬ್ಬಿ ನೊರೆ ಏಳುವ ವಸ್ತುಗಳಾದ್ದರಿಂದ ನೀರೂ ಸೇರಿ ಅರ್ಧ ಕುಕ್ಕರಿಗಿಂತ ಮೇಲೆ ಬರಕೂಡದು.

ಇನ್ನು ಅನ್ನಕ್ಕೆ ಜೊತೆ. ಇಲ್ಲಿ ನಿಮಗೆ ಘಟ್ಟದ ಮೇಲಿನ ಅಡುಗೆ ನೆರವಾಗುತ್ತದೆ, ಏಕೆಂದರೆ ಒಬ್ಬರಿಗೆ ತಂಬುಳಿಯಷ್ಟು ಒಗ್ಗುವ ಪದಾರ್ಥ ನನಗೆ ಬೇರೆ ಗೊತ್ತಿಲ್ಲ. ಶಿರಸಿ, ಸಿದ್ದಾಪುರದ ಮನೆಗಳಲ್ಲಿ ತೋಟದಂಚಿನಿಂದ ಚಿವುಟಿ ತಂದ ಕುಡಿಯೆಲ್ಲ ತಂಬುಳಿಯಾಗುತ್ತದೆ. ಒಂದೆಲಗವನ್ನೇ ತೆಗೆದುಕೊಳ್ಳಿ. ಹತ್ತು ಹನ್ನೆರಡು ಎಲೆಗಳನ್ನು ಬೇರಿನ ಮಣ್ಣು ಹೋಗುವಂತೆ ಎರಡು ಮೂರು ನೀರಿನಲ್ಲಿ ತೊಳೆಯಿರಿ. ಅದು ಜೌಗು ನೆಲದಲ್ಲಿ ಹಬ್ಬುವ ಗಿಡ, ಹಸಿಯಾಗಿಯೇ ತಿನ್ನುವುದರಿಂದ ತೊಳೆಯುವುದರಲ್ಲಿ ಅವಸರ ಬೇಡ. ಅರ್ಧ ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹುರಿಯಿರಿ. ಜೀರಿಗೆ ಚಟಪಟ ಎಂದು ಪರಿಮಳ ಬಂದೊಡನೆ ಕೆಳಗಿಳಿಸಿ, ಎಲೆಯನ್ನೂ ಎರಡು ದೊಡ್ಡ ಚಮಚ ಕಾಯಿತುರಿಯನ್ನೂ ಸೇರಿಸಿ ಚಟ್ನಿ ಜಾರಿಗೆ ಹಾಕಿ. ನೀರಿನ ಬದಲು ಎರಡು ಚಮಚ ಮಜ್ಜಿಗೆಯನ್ನೇ ಹಾಕಿದರೆ ಸ್ವಲ್ಪ ಪ್ರಮಾಣವಾದರೂ ಅಲಗಿಗೆ ಸಿಕ್ಕಿ ನುಣ್ಣಗಾಗುತ್ತದೆ. ರುಬ್ಬಿದ್ದನ್ನು ಒಂದು ಲೋಟ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿದರೆ ಮುಗಿಯಿತು, ಕುದಿಸುವಂತಿಲ್ಲ. ಒಗ್ಗರಣೆ ಬೇಕೆನಿಸಿದರೆ ಸಾಸಿವೆ, ಅರ್ಧ ಬ್ಯಾಡಗಿ ಮೆಣಸು. ಹತ್ತು ನಿಮಿಷದ ಕೆಲಸ, ತೊಳೆಯಲು ಒಂದು ಜಾರು, ಒಂದು ಬಟ್ಟಲು. ಬಿಸಿ ಕುಚ್ಚಲಕ್ಕಿ ಅನ್ನಕ್ಕೆ ತಣ್ಣನೆಯ ತಂಬುಳಿ ಕಲಸಿ ಉಂಡು ನೋಡಿದ ಮೇಲೆ, ಒಬ್ಬಳಿಗಾಗಿ ಏಕೆ ಮಾಡಲಿ ಎಂಬ ಮಾತು ನಿಮ್ಮಿಂದ ಬರಲಾರದೆಂದು ನನ್ನ ನಂಬಿಕೆ.

ಎಲೆ ತರಲು ಪೇಟೆಗೆ ಹೋಗಬೇಡಿ. ಪೇಟೆಯ ಸೊಪ್ಪಿನ ಕಟ್ಟು ಕುಟುಂಬದ ಅಳತೆಯದು. ಒಬ್ಬರಿಗೆ ಬೇಕಾದದ್ದು ಬೇಕಾದಾಗ ಬೇಕಾದಷ್ಟೇ ಚಿವುಟಿಕೊಳ್ಳುವ ಗಿಡ. ದೊಡ್ಡಪತ್ರೆಯ ಒಂದು ಕಡ್ಡಿ, ಬಸಳೆಯ ಒಂದು ತುಂಡು ಬಳ್ಳಿ, ಒಂದೆಲಗದ ಒಂದು ಬೇರುಗಂಟು, ಇವು ಮೂರನ್ನು ಕುಂಡದಲ್ಲಿ ನೆಟ್ಟರೆ ಶಿರಸಿಯ ಮಳೆ, ತಂಪಿನಲ್ಲಿ ತಾವಾಗಿ ಚಿಗುರುತ್ತವೆ. ಬಸಳೆಗೆ ಒಂದು ಹಗ್ಗ ಕಟ್ಟಿ ಕಿಟಕಿಗೆ ಹಬ್ಬಿಸಿ. ನಿಮ್ಮ ಊರಿನ ಬಸಳೆ ಹುಳಿಗೆ ಐದಾರು ಎಲೆ, ಒಂದು ಗೇಣು ದಂಟು ಸಾಕು. ಗಿಡದಲ್ಲಿರುವಷ್ಟು ದಿನ ಎಲೆ ಬಾಡುವುದಿಲ್ಲವಾದ್ದರಿಂದ ಫ್ರಿಜ್ಜಿನ ಅರ್ಧ ಕೆಲಸವನ್ನು ಕುಂಡವೇ ಮಾಡುತ್ತದೆ.

ತೆಂಗಿನಕಾಯಿಯ ವಿಷಯದಲ್ಲಿ ನನ್ನ ಸಲಹೆ ಸ್ವಲ್ಪ ಬೇರೆ ತೆರನಾದದ್ದು. ಮನೆಯೊಡತಿಯ ಜೊತೆ ಮಾತಾಡಿ, ಒಂದು ಕಾಯಿ ಒಡೆದಾಗ ಅರ್ಧ ಅವರಿಗೆ ಕೊಡುವುದು, ಅವರು ಒಡೆದಾಗ ಅರ್ಧ ನೀವು ತೆಗೆದುಕೊಳ್ಳುವುದು ಎಂದು ಮಾಡಿಕೊಳ್ಳಿ. ಮಲೆನಾಡಿನ ಮನೆಗಳಲ್ಲಿ ಇಂಥ ಕೊಡುಕೊಳುವಿಕೆಗೆ ಯಾರೂ ಇಲ್ಲವೆನ್ನುವುದಿಲ್ಲ, ಕೊಟ್ಟ ಬಟ್ಟಲು ಬರಿದಾಗಿ ಮರಳುವುದೂ ಇಲ್ಲ. ನೀವು ಬಸಳೆ ಹುಳಿ ಕೊಟ್ಟರೆ ಅಪ್ಪೆಹುಳಿ ಬರಬಹುದು, ಅದನ್ನು ಮಾಡುವ ಬಗೆಯೂ ಅದರ ಜೊತೆ ಬರುತ್ತದೆ. ಒಬ್ಬರೇ ಇರುವವರು ವಾರದಲ್ಲಿ ಒಂದೆರಡು ಸಲವಾದರೂ ಅಡುಗೆಯ ಬಗ್ಗೆ ಇನ್ನೊಬ್ಬರೊಡನೆ ಮಾತಾಡಬೇಕು. ಹೊಸದನ್ನು ಕಲಿಯಲು ಇದರಷ್ಟು ಸಲೀಸಾದ ದಾರಿ ಯಾವ ಪುಸ್ತಕದಲ್ಲೂ ಇಲ್ಲ. ಇದಲ್ಲದೆ ಕಾಯಿತುರಿಯನ್ನು ಸಣ್ಣ ಉರಿಯಲ್ಲಿ ತೇವ ಪೂರಾ ಆರಿ ಕಂದುಬಣ್ಣ ಬರುವವರೆಗೆ ಹುರಿದು, ಉದ್ದು, ಮೆಣಸು, ಹುಣಸೆ ಸೇರಿಸಿ ಮಾಡಿದ ಚಟ್ನಿಪುಡಿ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ ಇಲ್ಲದೆಯೂ ಕೆಲವು ವಾರ ಇರುತ್ತದೆ. ಮಳೆಗಾಲದಲ್ಲಿ ಮಾತ್ರ ಸ್ವಲ್ಪವೇ ಮಾಡಿ. ಶಿರಸಿಯ ಜೂನ್, ಜುಲೈ ತೇವದಲ್ಲಿ ಮೆಣಸಿನಪುಡಿ, ಶೇಂಗಾ, ಕೊಬ್ಬರಿ ಬೂಷ್ಟು ಹಿಡಿಯುತ್ತವೆ. ಬೂಷ್ಟು ಕಂಡದ್ದನ್ನು ಒರೆಸಿ, ಹುರಿದು ಬಳಸಬಾರದು, ಕೆಲವು ಬೂಷ್ಟುಗಳು ಬಿಡುವ ವಿಷ ಹುರಿದರೂ ಹೋಗುವುದಿಲ್ಲ.

ಅವಲಕ್ಕಿ ಮತ್ತು ಚಹಾದ ರಾತ್ರಿಗಳ ಬಗ್ಗೆ ಒಂದು ಲೆಕ್ಕ ಕೊಡುತ್ತೇನೆ, ನೀವು ಲೆಕ್ಕಪತ್ರದವರಾದ್ದರಿಂದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. ನಿಮ್ಮ ತೂಕ 52 ಕಿಲೋ ಎಂದಿಟ್ಟುಕೊಂಡರೆ ಸುಮಾರು 43 ಗ್ರಾಂ. 60 ಗ್ರಾಂ ಅವಲಕ್ಕಿಯಲ್ಲಿ ಸಿಗುವುದು ನಾಲ್ಕು ಗ್ರಾಂ. ಅದರ ಬದಲು ಮೇಲೆ ಹೇಳಿದ ಒಂದು ಲೋಟ ಅಕ್ಕಿ, 30 ಗ್ರಾಂ ಹೆಸರುಕಾಳು, ಒಂದು ಬಟ್ಟಲು ಮೊಸರು ಸೇರಿದರೆ ಹದಿನೈದು ಹದಿನಾರು ಗ್ರಾಂ ಆಗುತ್ತದೆ. ಒಂದು ಮೊಟ್ಟೆ ಬೇಯಿಸಿಕೊಂಡರೆ ಇನ್ನೂ ಆರು. ಅವಲಕ್ಕಿ ಕೆಟ್ಟದ್ದಲ್ಲ, ಅದನ್ನು ಬೆಳಗಿಗೆ ಸರಿಸಿ, ಮೊಳಕೆ ಬರಿಸಿದ ಹೆಸರುಕಾಳನ್ನು ಬೇಯಿಸಿ ಜೊತೆಗೆ ಇಟ್ಟುಕೊಳ್ಳಿ. ಚಹಾವನ್ನು ಊಟದ ಜೊತೆಯಲ್ಲಿ ಕುಡಿಯಬೇಡಿ. ಚಹಾದ ಒಗರಿನ ಅಂಶ ಕಾಳು, ಸೊಪ್ಪಿನಲ್ಲಿರುವ ಕಬ್ಬಿಣವನ್ನು ಮೈ ಹೀರಿಕೊಳ್ಳದಂತೆ ತಡೆಯುತ್ತದೆ, ಆದ್ದರಿಂದ ಎರಡಕ್ಕೂ ನಡುವೆ ಒಂದು ಗಂಟೆಯಾದರೂ ಅಂತರವಿರಲಿ. ನಿಂಬೆಹಣ್ಣಿನ ಹುಳಿ, ನೆಲ್ಲಿಕಾಯಿ ಇದಕ್ಕೆ ವಿರುದ್ಧವಾಗಿ ಕಬ್ಬಿಣ ಸೇರಲು ನೆರವಾಗುತ್ತವೆ. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ನಮ್ಮ ದೇಶದಲ್ಲಿ ಬಹಳವೇ ಇರುವುದರಿಂದ ಇದನ್ನು ಸಣ್ಣ ಮಾತೆಂದು ಎಣಿಸಬೇಡಿ.

ಉಳಿದ ಅನ್ನದ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ. ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಕುದಿಯುವ ನೀರಿನಲ್ಲಿ ಸಾಯುವುದಿಲ್ಲ. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಕುಳಿತಾಗ ಅವು ಬೆಳೆದು ವಿಷ ಬಿಡುತ್ತವೆ, ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೇಯಿಸಿದ ಎರಡು ಗಂಟೆಯೊಳಗೆ ಫ್ರಿಜ್ ಸೇರದ ಅನ್ನವನ್ನು ಮರುದಿನಕ್ಕೆ ನೆಚ್ಚಬಾರದು. ಅಳೆದು ಬೇಯಿಸಿದರೆ ಈ ಪ್ರಶ್ನೆ ಏಳುವುದೇ ಇಲ್ಲ.

ಈಗ ಬಂಗಡೆ. ನಿಮಗೆ ಆದದ್ದು ಮೀನಿನ ಅಲರ್ಜಿ ಆಗಿರುವುದಕ್ಕಿಂತ ಹಿಸ್ಟಮಿನ್ ವಿಷಬಾಧೆ ಆಗಿರುವ ಸಾಧ್ಯತೆ ಹೆಚ್ಚೆಂದು ನಿಮ್ಮ ವಿವರಣೆಯಿಂದ ತೋರುತ್ತದೆ. ಬಂಗಡೆ, ತಾರ್ಲೆ (ಬೂತಾಯಿ), ಕೇದರ (ಟ್ಯೂನಾ) ಇಂಥ ಕಡುಬಣ್ಣದ ಮಾಂಸದ ಮೀನುಗಳಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೇರಳವಾಗಿರುತ್ತದೆ. ಮೀನು ಸತ್ತ ಮೇಲೆ ಮಂಜುಗಡ್ಡೆಯ ತಂಪಿನಲ್ಲಿ ಇರದಿದ್ದರೆ, ಅದರ ಕಿವಿರು, ಕರುಳಿನಲ್ಲಿರುವ ಸೂಕ್ಷ್ಮಾಣುಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಅಲರ್ಜಿಯಾದಾಗ ನಮ್ಮ ಮೈಯೊಳಗೇ ಬಿಡುಗಡೆಯಾಗುವ ವಸ್ತುವೂ ಇದೇ ಆದ್ದರಿಂದ ಲಕ್ಷಣಗಳೂ ಒಂದೇ ತೆರನಾಗಿರುತ್ತವೆ: ತಿಂದ ಒಂದು ಗಂಟೆಯೊಳಗೆ ಮುಖ, ಕುತ್ತಿಗೆ ಕೆಂಪಾಗುವುದು, ತುರಿಕೆ, ತಲೆನೋವು, ನಾಲಗೆ ಉರಿದಂತಾಗುವುದು. ಇಲ್ಲಿ ಮುಖ್ಯವಾಗಿ ತಿಳಿಯಬೇಕಾದದ್ದು, ಒಮ್ಮೆ ಉಂಟಾದ ಹಿಸ್ಟಮಿನ್ ಕುದಿಸಿದರೆ, ಕರಿದರೆ, ಹೆಪ್ಪುಗಟ್ಟಿಸಿದರೆ ನಾಶವಾಗುವುದಿಲ್ಲ. ಅದಕ್ಕೆ ವಾಸನೆಯೂ ಇಲ್ಲ. ನೀವು ಎಷ್ಟೇ ಚೆನ್ನಾಗಿ ಬೇಯಿಸಿದ್ದರೂ, ಮುರುಗಲು ಸಿಪ್ಪೆ, ಜುಮ್ಮನಕಾಯಿ ಹಾಕಿದ್ದರೂ ಅದನ್ನು ತಪ್ಪಿಸಲು ಆಗುತ್ತಿರಲಿಲ್ಲ.

ಊರಿನಲ್ಲಿ ಎಂದೂ ಹೀಗಾಗದಿದ್ದುದಕ್ಕೆ ಕಾರಣವೂ ಇದರಲ್ಲೇ ಇದೆ. ಅಲ್ಲಿ ಬೆಳಗಿನ ದೋಣಿಯ ಮೀನು ಮಧ್ಯಾಹ್ನದೊಳಗೆ ಒಲೆ ಸೇರುತ್ತದೆ. ಇಲ್ಲಿಗೆ ಬರುವುದು ಬಂದರಿನಲ್ಲಿ ಕಾದು, ದೇವಿಮನೆ ಘಟ್ಟವನ್ನೋ ಇನ್ನೊಂದು ಘಟ್ಟವನ್ನೋ ಹತ್ತಿ, ಓಣಿ ಓಣಿ ಸುತ್ತಿದ ಮೀನು. ನಡುವೆ ಎಲ್ಲಿಯಾದರೂ ಮಂಜುಗಡ್ಡೆ ಕರಗಿದ್ದರೆ ಸಾಕು. ಆದ್ದರಿಂದ ಶಿರಸಿಯಲ್ಲಿ ಮೀನು ಕೊಳ್ಳುವಾಗ ಮೀನಿಗಿಂತ ಮೊದಲು ಮಂಜುಗಡ್ಡೆಯನ್ನು ನೋಡಿ. ಪೆಟ್ಟಿಗೆಯಲ್ಲಿ ಮೀನಿನ ಮೇಲೂ ಕೆಳಗೂ ನಡುವೆಯೂ ಗಡ್ಡೆ ಇರಬೇಕು, ಬರೀ ತಣ್ಣೀರಿನಲ್ಲಿ ತೇಲುತ್ತಿದ್ದರೆ ಬೇಡ. ಆಮೇಲೆ ನಿಮಗೆ ಚಿಕ್ಕಂದಿನಿಂದ ಗೊತ್ತಿರುವ ಪರೀಕ್ಷೆಗಳು: ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿ ತಿಳಿಯಾಗಿರಬೇಕು, ಬೆರಳಿನಿಂದ ಒತ್ತಿದ ತಗ್ಗು ಕೂಡಲೇ ಮೇಲೇಳಬೇಕು. ಈ ಪರೀಕ್ಷೆಗಳಲ್ಲಿ ಗೆದ್ದ ಮೀನಿನಲ್ಲೂ ಹಿಸ್ಟಮಿನ್ ಇರಬಹುದಾದ್ದರಿಂದ ಗಡ್ಡೆಯ ಪರೀಕ್ಷೆಯೇ ಮೊದಲನೆಯದು. ಕೆಲಸದಿಂದ ಮರಳುವಾಗ ಸಂಜೆಯ ಉಳಿಕೆ ಮೀನು ಅಗ್ಗವೆಂದು ಕೊಳ್ಳಬೇಡಿ. ರಜೆಯ ದಿನ ಬೆಳಿಗ್ಗೆ ಎರಡೇ ಎರಡು ಬಂಗಡೆ ತಂದು, ಬಂದ ಕೂಡಲೇ ಕಿವಿರು, ಕರುಳು ತೆಗೆದು, ಒಂದು ಗಂಟೆಯೊಳಗೆ ಒಲೆಗೆ ಇಟ್ಟು, ಆ ಊಟದಲ್ಲೇ ಮುಗಿಸಿ. ನಿನ್ನೆಯ ಮೀನುಸಾರಿಗೆ ಇಂದು ರುಚಿ ಹೆಚ್ಚು ಎಂಬ ನಮ್ಮ ಕರಾವಳಿಯ ಮಾತನ್ನು ಫ್ರಿಜ್ ಬರುವವರೆಗೆ ಬದಿಗಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧವಿರುವಾಗ ಮೀನು ಹೆಚ್ಚು ದೂರದಿಂದ ಬರುವ ಸಾಧ್ಯತೆ ಇರುವುದರಿಂದ ಆ ತಿಂಗಳುಗಳಲ್ಲಿ ಬಂಗಡೆ, ತಾರ್ಲೆ ಬಿಟ್ಟು ಮೊಟ್ಟೆಗೆ ಸರಿಯುವುದೇ ಮೇಲು. ಒಣಮೀನು ತಿನ್ನುವುದಾದರೆ ನೆನೆಸಿ ಉಪ್ಪು ತೆಗೆದು, ಅಪರೂಪಕ್ಕೆ ತಿನ್ನಿ. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಉಪ್ಪಿನಕಾಯಿ, ಒಣಮೀನು ಬಹಳ ಬೇಗ ದಾಟಿಸುತ್ತವೆ.

ಆದರೆ ಒಂದು ಎಚ್ಚರಿಕೆ. ಪತ್ರ ಓದಿ ರೋಗ ನಿರ್ಧರಿಸಲು ಬರುವುದಿಲ್ಲ. ಮತ್ತೆ ಮೀನು ತಿನ್ನುವ ಮೊದಲು ವೈದ್ಯರನ್ನು ಕಂಡು ನಡೆದುದನ್ನೆಲ್ಲ ಹೇಳಿ, ನಿಜವಾದ ಅಲರ್ಜಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ತುಟಿ, ಗಂಟಲು ಊದಿಕೊಂಡರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ಯಾವ ಮನೆಮದ್ದಿಗೂ ಕಾಯದೆ ಮನೆಯೊಡತಿಯನ್ನು ಕರೆದು ಆಸ್ಪತ್ರೆಗೆ ಹೋಗಬೇಕು.

ಓದಿನ ಬಗ್ಗೆ ಇನ್ನೊಂದಿಷ್ಟು. ಅನ್ನ ಬೇಯುವ ಹೊತ್ತಿಗೆ ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ಇಟ್ಟುಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ. ಅವು ಕೆಟ್ಟವೆಂದಲ್ಲ. ದಿನವಿಡೀ ಅಂಕಿಗಳ ನಡುವೆ ದುಡಿದು ಬಂದ ಮನಸ್ಸಿಗೆ ಇನ್ನೂ ಹತ್ತು ಕೆಲಸ ಹೇಳುವ ಪುಸ್ತಕ ಹಿಡಿಸುವುದಿಲ್ಲ, ಅರ್ಧಕ್ಕೆ ನಿಲ್ಲುವುದೂ ಅದಕ್ಕಾಗಿಯೇ. ಆ ಹೊತ್ತಿಗೆ ಕತೆ ಓದಿ. ನಮ್ಮ ಜಿಲ್ಲೆಯ ಕಡಲು, ಗದ್ದೆಬಯಲು, ತೋಟಪಟ್ಟಿಗಳನ್ನು ಬರೆದ ಕತೆಗಾರರಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಊರು ಬಿಟ್ಟು ಬಂದವರು ಓದಿದಾಗ ಅವುಗಳ ಸೊಗಸೇ ಬೇರೆ. ಒಂದು ಸಣ್ಣಕತೆ ಒಂದು ಪಾತ್ರೆ ಅನ್ನಕ್ಕೆ ಸರಿಯಾಗುತ್ತದೆ, ಕಾದಂಬರಿಯಾದರೆ ಒಂದು ಅಧ್ಯಾಯ. ವಿಕಸನದ ಪುಸ್ತಕಗಳಲ್ಲಿ ನಿಮಗೆ ಹೆಚ್ಚು ಹಿಡಿಸಿದ ಒಂದನ್ನು ಮಾತ್ರ ಉಳಿಸಿಕೊಂಡು ರಜೆಯ ದಿನ ಬೆಳಿಗ್ಗೆ ಓದಿ; ಅದರಲ್ಲಿ ಹೇಳಿದ ಒಂದು ಮಾತು ನಿಮ್ಮ ಕೈಯಲ್ಲಿ ನಡೆದು ತೋರುವವರೆಗೆ ಮುಂದಿನ ಅಧ್ಯಾಯಕ್ಕೆ ಹೋಗುವ ಅವಸರವಿಲ್ಲ.

ಪುಸ್ತಕ ಕೊಳ್ಳುತ್ತಲೇ ಇರಬೇಕಾಗಿಯೂ ಇಲ್ಲ. ಶಿರಸಿಯ ಸಾರ್ವಜನಿಕ ಗ್ರಂಥಾಲಯದ ಸದಸ್ಯರಾಗಿ. ಕರ್ನಾಟಕದಲ್ಲಿ 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರ ವಸೂಲಾಗುತ್ತದೆ, ನೀವಿರುವ ಮನೆಯ ತೆರಿಗೆಯಲ್ಲೂ ಅದು ಸೇರಿರುತ್ತದೆ. ಎರವಲು ತಂದ ಪುಸ್ತಕಕ್ಕೆ ಮರಳಿಸುವ ದಿನವೊಂದು ಇರುವುದರಿಂದ ಅದು ಮುಗಿಯುವ ಸಾಧ್ಯತೆಯೂ ಹೆಚ್ಚು. ಅಲ್ಲಿಗೆ ಹೋಗಿ ಬರುವುದೆಂದರೆ ವಾರಕ್ಕೊಮ್ಮೆ ಕಚೇರಿ ಮತ್ತು ಕೋಣೆಯನ್ನು ಬಿಟ್ಟು ಮೂರನೆಯದೊಂದು ಜಾಗದಲ್ಲಿ ಕುಳಿತು ಬರುವುದು; ಒಬ್ಬರೇ ಇರುವವರಿಗೆ ಅದೂ ಬೇಕು.

ಊಟ ಮಾಡುವಾಗ ಮಾತ್ರ ಪುಸ್ತಕವೂ ಬೇಡ, ಮೊಬೈಲೂ ಬೇಡ. ಗಮನ ಬೇರೆಡೆ ಇಟ್ಟು ತಿಂದಾಗ ಎಷ್ಟು ತಿಂದೆವೆಂಬುದು ಮನಸ್ಸಿನಲ್ಲಿ ಸರಿಯಾಗಿ ನಿಲ್ಲದೆ, ಆಮೇಲೆ ಮತ್ತೆ ಏನಾದರೂ ತಿನ್ನುವುದು ಹೆಚ್ಚುತ್ತದೆ ಎಂಬುದು ಆಹಾರ ನಡವಳಿಕೆಯ ಅಧ್ಯಯನಗಳಲ್ಲಿ ಕಂಡುಬಂದಿದೆ. ಅದಕ್ಕಿಂತ ಹೆಚ್ಚಾಗಿ, ಉಪ್ಪು ಹೆಚ್ಚಾಯಿತೋ, ಅನ್ನ ಇನ್ನೈದು ನಿಮಿಷ ಬೇಯಬೇಕಿತ್ತೋ, ತಂಬುಳಿಗೆ ಮೆಣಸು ಸಾಲದೋ ಎಂದು ನಾಲಗೆ ಹೇಳುವುದನ್ನು ಕೇಳಿಸಿಕೊಳ್ಳದೆ ಅಡುಗೆ ಸುಧಾರಿಸುವುದಾದರೂ ಹೇಗೆ? ಮನೆಯಲ್ಲಿ ಆರು ಮಂದಿ ಉಣ್ಣುವಾಗ ಯಾರಾದರೂ ಹೇಳುತ್ತಾರೆ. ನಿಮಗೆ ಹೇಳುವವರು ನೀವೇ.

ಆದ್ದರಿಂದ ಒಂದು ನೋಟುಬುಕ್ಕು ಇಡಿ. ಎಡಗಡೆಯ ಪುಟದಲ್ಲಿ ಮಾಡಿದ ಅಡುಗೆ, ಹಾಕಿದ ಅಳತೆ, ಹಿಡಿದ ಹೊತ್ತು, ಮುಂದಿನ ಸಲ ಬದಲಿಸಬೇಕಾದದ್ದು. ಬಲಗಡೆಯಲ್ಲಿ ಓದಿದ ಪುಸ್ತಕ, ಪುಟ, ಮತ್ತು ಓದಿದ್ದರ ಬಗ್ಗೆ ನಿಮ್ಮದೇ ಒಂದು ವಾಕ್ಯ. ಉದಾಹರಣೆಗೆ, "ಹೆಸರುಕಾಳು ಒಂದು ಹಿಡಿ, ನೀರು ಮೂರು ಲೋಟ, ತೆಳುವಾಯಿತು, ಎರಡೂವರೆ ಸಾಕು" ಎಂದು ಬರೆದರೆ ಮುಂದಿನ ಗಂಜಿಗೆ ಅಂದಾಜು ಬೇಕಾಗುವುದಿಲ್ಲ. ಯಾವ ಪಾಕಪುಸ್ತಕವೂ ಒಬ್ಬರ ಅಳತೆಯನ್ನು ನಿಮಗೆ ಕೊಡುವುದಿಲ್ಲ, ಹೆಚ್ಚಿನವು ನಾಲ್ಕು ಜನರಿಗೆ ಎಂದೇ ಆರಂಭವಾಗುತ್ತವೆ. ಖಾಲಿ ಬಿದ್ದ ದಿನಗಳಿಗೆ ಗೆರೆ ಎಳೆದು ಲೆಕ್ಕ ಹಿಡಿಯಬೇಡಿ. ಮಾಡಿದ ದಿನದ್ದನ್ನು ಮಾತ್ರ ಬರೆಯಿರಿ. ಗೋಡೆಯ ಮೇಲಿನ ವೇಳಾಪಟ್ಟಿ ಮಾಡದಿದ್ದುದನ್ನು ದಿನವೂ ನೆನಪಿಸುತ್ತಿತ್ತು, ಅದನ್ನು ತೆಗೆದುಹಾಕಿ.

ಕೊನೆಯದಾಗಿ ಫ್ರಿಜ್. ಕೊಳ್ಳಿ, ಆದರೆ ಮೊದಲಿಗೆ ಅಲ್ಲ. ಮೊದಲ ತಿಂಗಳ ಸಂಬಳದಲ್ಲಿ ಎರಡು ಲೀಟರ್ ಕುಕ್ಕರ್, ಚಟ್ನಿ ಜಾರು ಇರುವ ಮಿಕ್ಸರ್ ಮತ್ತು ಅನ್ನಕ್ಕೆ ದಪ್ಪ ತಳದ ಒಂದು ಪಾತ್ರೆ ಕೊಂಡುಕೊಳ್ಳಿ. ಇವಿಲ್ಲದೆ ಫ್ರಿಜ್ ಬಂದರೆ ಅದರಲ್ಲಿ ತುಂಬುವುದು ಉಳಿದ ಸಾರು, ಬಾಡಿದ ಸೊಪ್ಪು ಮಾತ್ರ. ಒಂದೆರಡು ತಿಂಗಳು ಅಳೆದು ಅಡುಗೆ ಮಾಡಿ ಅಭ್ಯಾಸವಾದ ಮೇಲೆ, ಒಂದೇ ಬಾಗಿಲಿನ ಚಿಕ್ಕ ಫ್ರಿಜ್ ಸಾಕು. ಅದು ಬಂದ ದಿನದಿಂದ ಕಾಯಿ ತುರಿದು, ಒಂದು ಸಲಕ್ಕೆ ಬೇಕಾಗುವಷ್ಟನ್ನು ಸಣ್ಣ ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕಬಹುದು, ಅಲ್ಲಿ ಅದು ತಿಂಗಳವರೆಗೆ ಇರುತ್ತದೆ. ಮೊಸರು ಬೇಗ ಹುಳಿಯಾಗುವುದಿಲ್ಲ. ದೋಸೆ ಹಿಟ್ಟು ಎರಡು ಮೂರು ದಿನಕ್ಕೆ ಬರುತ್ತದೆ. ಮೀನನ್ನು ಮಾತ್ರ ಆಗಲೂ ಎರಡೇ ತನ್ನಿ.